ಪರದೆ ಹಚ್ಚುವ ಮುನ್ನ

ಹಡಗಲಿ
11 ಜೂನ್ 2001

ಅಬ್ಬಾ,

ಸಲಾಮ್. ಎರಡು ವರ್ಷವಾದ ಮೇಲೆ ಬರೆಯುತ್ತಿದ್ದೇನೆ. ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಹರಿದು ಹಾಕಬೇಡಿ. ಅಮ್ಮಿ ತೀರಿಕೊಂಡ ವರ್ಷ, "ಅಂಗಡಿ ಬಿಟ್ಟು ಹೋದರೆ ತಿರುಗಿ ಬರಬೇಡ" ಎಂದು ನೀವು ಹೇಳಿದ್ದನ್ನು ನಾನು ಮರೆತಿಲ್ಲ. "ಬರೋದಿಲ್ಲ" ಎಂದು ನಾನು ಅಂದದ್ದನ್ನು ನೀವೂ ಮರೆತಿರಲಾರಿರಿ. ಆ ಮಾತು ಇವತ್ತು ಬೇಡ. ಇವತ್ತು ನಾನು ಅಪ್ಪನಿಗೆ ಬರೆಯುತ್ತಿಲ್ಲ, ಕೊಟ್ಟೂರು ಬಸ್‌ಸ್ಟ್ಯಾಂಡಿನ ಎದುರಿನ ಟಿ.ವಿ. ಮೆಕ್ಯಾನಿಕ್ ಹೈದರಸಾಬರಿಗೆ ಬರೆಯುತ್ತಿದ್ದೇನೆ.

ನಾನಿಲ್ಲಿ ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತೇನೆ. ಸಣ್ಣ ಸಂಸ್ಥೆಯೊಂದು ನಡೆಸುವ ಕೇಂದ್ರ. ಯಾವುದೋ ಕಚೇರಿಯವರು ಬೇಡವೆಂದು ಕೊಟ್ಟ ಎಂಟು ಹಳೆಯ ಯಂತ್ರ, ಕಲಿಯಲು ಹದಿನಾಲ್ಕು ಜನ. ಯಂತ್ರದೊಳಗೆ ಹಾಕಿರುವುದು ಲಿನಕ್ಸ್. ಎಲ್ಲೆಲ್ಲಿನವರೋ ಸೇರಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟದ್ದು. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ಬಿಚ್ಚುವುದೆಂದರೆ ನಿಮಗೂ ಪ್ರಾಣವಲ್ಲವೇ?

ಆದರೆ ಅದರ ಹೊಸ್ತಿಲಲ್ಲೇ ಒಂದು ಕಲ್ಲಿದೆ. ಮೊದಲ ಸಲ ಹಚ್ಚಿದಾಗ ಚಿತ್ರ ಬರುವುದಿಲ್ಲ. ಕಪ್ಪು ಪರದೆಯ ಮೇಲೆ ಬರೀ ಬಿಳಿ ಅಕ್ಷರ. ಚಿತ್ರ ಬೇಕೆಂದರೆ, ನಿಮ್ಮ ಮಾನಿಟರು ಸೆಕೆಂಡಿಗೆ ಎಷ್ಟು ಗೆರೆ ಎಳೆಯುತ್ತದೆ ಹೇಳಿ ಎಂದು ಇಂಗ್ಲಿಷಿನಲ್ಲಿ ಕೇಳುತ್ತದೆ. ತಪ್ಪು ಹೇಳಿದರೆ ಮಾನಿಟರು ಸುಟ್ಟೀತು, ಮುಂದುವರಿಯಬೇಕೇ ಎಂದೂ ಕೇಳುತ್ತದೆ. ಅದನ್ನು ನೋಡಿಯೇ ಐದು ಜನ ಬಿಟ್ಟುಹೋದರು. ಉಳಿದವರಲ್ಲಿ ಮೈಲಾರದ ಪುಷ್ಪಲತಾ ಎಂಬವಳೊಬ್ಬಳಿದ್ದಾಳೆ, ಕುರಿ ಸಾಕುವವರ ಮನೆಯ ಹುಡುಗಿ, ದಿನಾ ಬಸ್ಸಿಗೆ ಬರುತ್ತಾಳೆ. "ಅಕ್ಕಾರೆ, ಸುಡತೈತಿ ಅಂತ ತಾನ ಹೇಳಾಕತ್ತೈತಿ. ನಾ ಹೆಂಗ ಹೌದು ಅಂತ ಒತ್ಲಿ?" ಎಂದು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ.

ಅದಕ್ಕೇ ಒಂದು ಸಣ್ಣ ಪ್ರೋಗ್ರಾಮು ಬರೆಯುತ್ತಿದ್ದೇನೆ. ಹೆಸರು 'ಹಚ್ಚು'. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಮಾತಾಡುತ್ತದೆ. ಮಾನಿಟರಿನ ಡಬ್ಬದ ಹಿಂದಿನ ಚೀಟಿ ನೋಡಿ ಮಾಡೆಲ್ ಹೇಳ್ರಿ ಎಂದು ಕೇಳುತ್ತದೆ, ಉಳಿದದ್ದನ್ನೆಲ್ಲ ತಾನೇ ಮಾಡಿಕೊಳ್ಳುತ್ತದೆ. ಆದರೆ ಯಾವ ಮಾಡೆಲಿಗೆ ಎಷ್ಟು ಗೆರೆ ಎಂಬ ಪಟ್ಟಿ ನನ್ನಲ್ಲಿಲ್ಲ. ನಿಮ್ಮ ನೀಲಿ ನೋಟುಬುಕ್ಕಿನಲ್ಲಿದೆ. ಬರೆದು ಕಳಿಸುತ್ತೀರಾ?

ತಸ್ಲೀಮ್


ಕೊಟ್ಟೂರು
24 ಜೂನ್ 2001

ತಸ್ಲೀಮ್,

ಕಾಗದ ಹರಿಯಲಿಲ್ಲ. ಎರಡು ಸಲ ಓದಿದೆ. ಉರ್ದುವಿನಲ್ಲಿ ಬರೆದರೆ ನೀನು ಓದಲಾರೆ, ನನ್ನದೂ ಅಷ್ಟಕ್ಕಷ್ಟೇ. ಮಾಸ್ತರರು ಹೊಡೆದು ಕಲಿಸಿದ ಕನ್ನಡದಲ್ಲೇ ಬರೆಯುತ್ತೇನೆ.

ಪಟ್ಟಿ ಇದರ ಜೊತೆ ಇದೆ. ಈ ಸುತ್ತಿನಲ್ಲಿ ಓಡುವ ಇಪ್ಪತ್ತಾರು ಮಾಡೆಲು. ಹಳೆಯ ಹದಿನಾಲ್ಕು ಇಂಚಿನವು ಸೆಕೆಂಡಿಗೆ ಮೂವತ್ತೊಂದು ಸಾವಿರ ಗೆರೆ ಎಳೆಯುತ್ತವೆ. ಹೊಸವು ಅರವತ್ತು ಸಾವಿರಕ್ಕೂ ಹೋಗುತ್ತವೆ. ಹಳೆಯದಕ್ಕೆ ಹೊಸದರ ಗೆರೆ ಹೊರಿಸಿದರೆ, ಮುದಿ ಎತ್ತನ್ನು ಹೋರಿಯ ಜೋಡಿ ಕಟ್ಟಿ ಓಡಿಸಿದ ಹಾಗೆ. ಮೊದಲು ಸಿಳ್ಳೆ ಹೊಡೆಯುತ್ತದೆ. ಸಿಳ್ಳೆ ಕೇಳಿದ ತಕ್ಷಣ ಸ್ವಿಚ್ ಆರಿಸಬೇಕು. ತಡ ಮಾಡಿದರೆ ಹೊಗೆ ಬರುತ್ತದೆ.

ನೀನು ಏನನ್ನು ಬೇಕಾದರೂ ಸುಲಭ ಮಾಡು, ಆ ಹೆದರಿಸುವ ಪ್ರಶ್ನೆಯನ್ನು ಮಾತ್ರ ತೆಗೆಯಬೇಡ. ಕೈ ಹಿಂದಕ್ಕೆ ತೆಗೆದುಕೊಳ್ಳುವ ಆ ಕುರಿಯವರ ಹುಡುಗಿ ಒಳ್ಳೆಯ ಮೆಕ್ಯಾನಿಕ್ ಆಗುತ್ತಾಳೆ. ಹೆದರಿಕೆ ಇದ್ದವರ ಬೆರಳು ಹತ್ತೂ ಉಳಿದಿರುತ್ತವೆ.

ಚೀಟಿಯ ವಿಷಯದಲ್ಲಿ ಇನ್ನೊಂದು ಮಾತಿದೆ. ಅದು ಕಾಗದದಲ್ಲಿ ಬರೆಯುವಂಥದ್ದಲ್ಲ. ಆಗಸ್ಟ್ ಹತ್ತಕ್ಕೆ ನಿನ್ನ ಅಮ್ಮಿಯ ಹೆಸರಿನಲ್ಲಿ ವರ್ಷಾವರ್ಷ ಓದಿಸುವ ಫಾತಿಹಾ. ಬಂದರೆ ಹೇಳುತ್ತೇನೆ.

ನೀನು ಬರೆದದ್ದು ಮೆಕ್ಯಾನಿಕನಿಗೆ, ಅದಕ್ಕೆ ಹಾಗೆಯೇ ಸಹಿ ಮಾಡಿದ್ದೇನೆ.

ಹೈದರಸಾಬ
ಟಿ.ವಿ. ಮೆಕ್ಯಾನಿಕ್


ಹಡಗಲಿ
19 ಆಗಸ್ಟ್ 2001

ಅಬ್ಬಾ,

ಫಾತಿಹಾಕ್ಕೆ ಬರಲಿಲ್ಲ. ಕೇಂದ್ರ ನೋಡಲು ಸಂಸ್ಥೆಯವರು ಬರುವವರಿದ್ದರು ಎಂಬುದು ಒಂದು ಕಾರಣ. ಇನ್ನೊಂದು ಕಾರಣ ನಿಮಗೆ ಗೊತ್ತು. ಇಲ್ಲಿಯೇ ಅಮ್ಮಿಯ ಹೆಸರಿನಲ್ಲಿ ಓದಿ, ಹುಡುಗಿಯರಿಗೆ ಸಕ್ಕರೆ ಹಂಚಿದೆ.

'ಹಚ್ಚು' ಕೆಲಸ ಮಾಡುತ್ತಿದೆ! ಎಂಟಕ್ಕೆ ಎಂಟೂ ಯಂತ್ರದಲ್ಲಿ ಬಣ್ಣದ ಪರದೆ ಬಂದಿದೆ. ಮೊದಲನೆಯದನ್ನು ಹಚ್ಚಿದ್ದು ಪುಷ್ಪಲತಾಳೇ. ಪರದೆಯ ಮೇಲೆ ನೀಲಿ ಮೂಡಿದಾಗ "ಬಂತರೀ ಅಕ್ಕಾ, ಬಂತು!" ಎಂದು ಚೀರಿದ್ದಕ್ಕೆ ಹೊರಗೆ ಕಸ ಗುಡಿಸುತ್ತಿದ್ದ ದ್ಯಾಮಕ್ಕ ಹಾವು ಬಂತೆಂದು ಕೋಲು ಹಿಡಿದು ಒಳಗೆ ಓಡಿಬಂದಳು. ಬಿಟ್ಟುಹೋದವರಲ್ಲಿ ಮೂವರು ತಿರುಗಿ ಬಂದಿದ್ದಾರೆ. ಕೂಡ್ಲಿಗಿ, ಹೊಸಹಳ್ಳಿ, ಹರಪನಹಳ್ಳಿಯ ಕೇಂದ್ರಗಳವರು ಫ್ಲಾಪಿಯಲ್ಲಿ ಹಾಕಿಸಿಕೊಂಡು ಹೋದರು. ನಿನ್ನೆ ಗುಡೇಕೋಟೆಯ ಶಾಲೆಯ ಮಾಸ್ತರೊಬ್ಬರು ಬಸ್ಸಿಳಿದು ನನ್ನನ್ನು ಹುಡುಕಿಕೊಂಡು ಬಂದಿದ್ದರು. ಅಬ್ಬಾ, ನಾನು ಮಾಡಿದ ಒಂದು ವಸ್ತು ನನ್ನನ್ನು ಬಿಟ್ಟು ಬಸ್ಸು ಹತ್ತಿ ಊರೂರಿಗೆ ಹೋಗುತ್ತಿದೆ. ಖುಷಿಗೆ ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ.

ಒಂದು ವಿಷಯದಲ್ಲಿ ನಿಮ್ಮ ಮಾತು ಮೀರಿದ್ದೇನೆ. ಆ ಹೆದರಿಸುವ ಪ್ರಶ್ನೆಯನ್ನು ತೆಗೆದುಬಿಟ್ಟೆ. ಮೊದಲು ಇಟ್ಟಿದ್ದೆ. ಆದರೆ ಅದು ಬಂದಾಗಲೆಲ್ಲ ಪುಷ್ಪಲತಾ ಎದ್ದುಬಂದು "ಅಕ್ಕಾರೆ, ಹೌದು ಅಂತ ಒತ್ಲೇನ್ರಿ?" ಎಂದು ಕೇಳುತ್ತಿದ್ದಳು. ದಿನಕ್ಕೆ ಹತ್ತು ಸಲ. ಬೇಸತ್ತು ತೆಗೆದೆ. ಪಟ್ಟಿ ಸರಿಯಿದ್ದ ಮೇಲೆ ಹೆದರಿಕೆ ಯಾತಕ್ಕೆ?

ಚೀಟಿಯ ಬಗ್ಗೆ ಎದುರಿಗೇ ಹೇಳಬೇಕೆಂದ ಮಾತನ್ನು ಕಾಗದದಲ್ಲೇ ಬರೆಯಿರಿ. ನಾನು ಓದಬಲ್ಲೆ.

ತಸ್ಲೀಮ್


ಕೊಟ್ಟೂರು
2 ಸೆಪ್ಟೆಂಬರ್ 2001

ತಸ್ಲೀಮ್,

ಬೇಗ ಮುಟ್ಟಲೆಂದು ಕಾರ್ಡು ಬರೆಯುತ್ತಿದ್ದೇನೆ. ನಮ್ಮ ಅಂಗಡಿಯಿಂದ ಹೋದ ಯಾವ ಮಾನಿಟರಿಗೂ ನಿನ್ನ ಪ್ರೋಗ್ರಾಮು ಹಾಕಬೇಡ. ತೆಗೆದ ಪ್ರಶ್ನೆಯನ್ನು ತಿರುಗಿ ಹಾಕು. ಕಾರಣ ಕಾರ್ಡಿನಲ್ಲಿ ಬರೆಯಲಾರೆ, ಅಂಚೆಯವನೂ ಓದುತ್ತಾನೆ. ನಾನೇ ಬಂದು ಒಂದೊಂದನ್ನೂ ನೋಡುತ್ತೇನೆ.

ಹೈದರಸಾಬ


ಹಡಗಲಿ
9 ಸೆಪ್ಟೆಂಬರ್ 2001

ಅಬ್ಬಾ,

ನೀವು ಬದಲಾಗಿಲ್ಲ. ಬೆಸುಗೆಯ ಕಾವಿನ ಕಡ್ಡಿ ಹಿಡಿಯಬೇಡ ಎಂದಿರಿ, ಯಾಕೆಂದು ಹೇಳಲಿಲ್ಲ. ಹಡಗಲಿಗೆ ಹೋಗಬೇಡ ಎಂದಿರಿ, ಯಾಕೆಂದು ಹೇಳಲಿಲ್ಲ. ಈಗ ಇದು. ಎಲ್ಲಾ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಮಗಳ ಕೈಕೆಲಸ ನಾಲ್ಕೂರಿಗೆ ಹೋಯಿತು ಎಂಬುದು ಅಷ್ಟು ಕಷ್ಟದ ಸುದ್ದಿಯೇ?

ನಿಮ್ಮ ಅಂಗಡಿಯ ಒಂದೂ ಮಾನಿಟರು ಇಲ್ಲಿಲ್ಲ. ಹೊಸದಾಗಿ ತಂದ ಎರಡೂ ಹಗರಿಬೊಮ್ಮನಹಳ್ಳಿಯ ರಾಮಣ್ಣನ ಅಂಗಡಿಯವು. ಕನ್ನಡಿಯ ಹಾಗೆ ಹೊಳೆಯುತ್ತಿವೆ. ಕೋಣೆಯ ವೈರಿಂಗ್ ಮುಗಿಯುವವರೆಗೆ ಕಟ್ಟಿಯೇ ಇಟ್ಟಿದ್ದೇನೆ.

ನೀವು ಬಂದು ನೋಡಬೇಕಾಗಿಲ್ಲ. ಕಾರಣ ಇದ್ದರೆ ಬರೆಯಿರಿ, ಇಲ್ಲದಿದ್ದರೆ ಬಿಡಿ.

ತಸ್ಲೀಮ್


ಹಡಗಲಿ
5 ನವೆಂಬರ್ 2001

ಅಬ್ಬಾ,

ಅಕ್ಟೋಬರ್ ಇಪ್ಪತ್ತೆರಡು, ಸೋಮವಾರ. ವೈರಿಂಗ್ ಮುಗಿದಿತ್ತು. ರಾಮಣ್ಣನ ಅಂಗಡಿಯಿಂದ ತಂದ ಒಂದನ್ನು ಬಿಚ್ಚಿ ಮೇಜಿನ ಮೇಲಿಟ್ಟೆವು. ಮೊದಲು ಹಚ್ಚಿದವಳು ಅವಳೇ, ಇದನ್ನೂ ಅವಳೇ ಹಚ್ಚಲಿ ಎಂದು ಪುಷ್ಪಲತಾಳನ್ನು ಕೂರಿಸಿ ನಾನು ಪಕ್ಕದ ಕೋಣೆಗೆ ಹೋದೆ. ಅವಳು ಚೀಟಿ ಓದಿದಳು, ಮಾಡೆಲ್ ಒತ್ತಿದಳು. 'ಹಚ್ಚು' ಏನನ್ನೂ ಕೇಳದೆ ಮುಂದೆ ಹೋಯಿತು.

ಸಿಳ್ಳೆ ನನಗೆ ಗೋಡೆಯಾಚೆಯಿಂದ ಕೇಳಿಸಿತು. ನಿಮ್ಮ ಕಾಗದ ನೆನಪಾಗಿ ಓಡಿದೆ. ಅಷ್ಟರಲ್ಲಿ ಮಾನಿಟರಿನ ಹಿಂದಿನ ಜಾಲರಿಯಿಂದ ಹೊಗೆ ಬಂದು, ಹೊಗೆಯ ಹಿಂದೆ ಉರಿ ಬಂದಿತ್ತು. ಪುಷ್ಪಲತಾ ಸ್ವಿಚ್ಚಿಗಾಗಿ ಮೇಜಿನ ಮೇಲೆ ಬಾಗಿ ತಡಕಾಡುತ್ತಿದ್ದಳು. ದ್ಯಾಮಕ್ಕ ಬೆಂಕಿ ಕಂಡವರೆಲ್ಲ ಮಾಡುವುದನ್ನೇ ಮಾಡಿದಳು, ಕೊಡದ ನೀರನ್ನು ಎತ್ತಿ ಸುರಿದಳು. ಕಾದ ಪಿಕ್ಚರ್ ಟ್ಯೂಬು ಸಿಡಿಯಿತು.

ಹತ್ತು ದಿನ ದಾವಣಗೆರೆಯ ಆಸ್ಪತ್ರೆಯಲ್ಲಿ ಪುಷ್ಪಲತಾಳ ಜೊತೆ ಇದ್ದೆ. ಬಲಗಣ್ಣು ಹೋಯಿತು. ಎಡಗಣ್ಣು ಉಳಿದಿದೆ. ಪಂಚಾಯಿತಿಯಲ್ಲಿ ಕಂಪ್ಯೂಟರ್ ಕೆಲಸಕ್ಕೆ ಅವಳ ಹೆಸರು ಬಂದಿತ್ತು, ಬೇರೆಯವರನ್ನು ತೆಗೆದುಕೊಂಡರು. ಪೊಲೀಸರು ಆಕಸ್ಮಿಕ ಎಂದು ಬರೆದುಕೊಂಡರು. ಕೇಂದ್ರಕ್ಕೆ ಬೀಗ ಬಿದ್ದಿದೆ. ದ್ಯಾಮಕ್ಕ ಅನ್ನ ಬಿಟ್ಟಿದ್ದಾಳೆ. "ನನ್ನ ಕೈಯಾರ ಕಣ್ಣು ತಗದ್ನೆವ್ವಾ" ಎಂದು ಒಂದೇ ಮಾತು.

ನಿನ್ನೆ ಬೀಗ ತೆಗೆಸಿ, ಇನ್ನೊಂದು ಮಾನಿಟರನ್ನು ಬಿಚ್ಚಿ ನೋಡಿದೆ. ಹೊರಗಿನ ಚೀಟಿ ಅರವತ್ತು ಸಾವಿರ ಗೆರೆಯ ಹೊಸ ಮಾಡೆಲಿನದು. ಒಳಗಿರುವ ಟ್ಯೂಬು, ಬೋರ್ಡು ಎಲ್ಲ ಮೂವತ್ತೊಂದು ಸಾವಿರದ ಹಳೆಯದು. ಬೋರ್ಡಿನ ತಿರುಪುಗಳ ತಲೆಗೆ ಕೆಂಪು ಉಗುರುಬಣ್ಣ ಹಚ್ಚಿದೆ. ತಿರುಪು ಅಲುಗಬಾರದೆಂದು ಉಗುರುಬಣ್ಣ ಹಚ್ಚುವ ಮೆಕ್ಯಾನಿಕ್ ಈ ಸುತ್ತಿನಲ್ಲಿ ಒಬ್ಬರೇ.

ಅಮ್ಮಿಯ ಶೀಸೆ ಇನ್ನೂ ಮುಗಿದಿಲ್ಲವೇ ಅಬ್ಬಾ?

ತಸ್ಲೀಮ್


ಕೊಟ್ಟೂರು
14 ನವೆಂಬರ್ 2001

ಮಗಳೇ,

ಮುಗಿದಿಲ್ಲ. ಮೂರು ಹನಿ ಉಳಿದಿತ್ತು. ನಿನ್ನ ಕಾಗದ ಓದಿ ಚರಂಡಿಗೆ ಚೆಲ್ಲಿದೆ.

ಎಲ್ಲ ಬರೆಯುತ್ತೇನೆ, ಇನ್ನು ಅಂಚೆಯವನು ಓದಿದರೂ ಓದಲಿ. ದೊಡ್ಡ ಊರುಗಳಿಂದ ಗುಜರಿಗೆ ಬರುವ ಮಾನಿಟರುಗಳಲ್ಲಿ ಕೆಲವಕ್ಕೆ ಡಬ್ಬ ಚೆನ್ನಾಗಿರುತ್ತದೆ, ಒಳಗಿನ ಜೀವ ಹೋಗಿರುತ್ತದೆ. ಕೆಲವಕ್ಕೆ ಜೀವ ಇರುತ್ತದೆ, ಡಬ್ಬ ಒಡೆದಿರುತ್ತದೆ. ಹಳೆಯ ಜೀವವನ್ನು ಹೊಸ ಡಬ್ಬದಲ್ಲಿ ಕೂರಿಸಿ, ಹೊಸ ಚೀಟಿ ಇರುವಂತೆ ಮಾಡಿ ಕೊಡುತ್ತಿದ್ದೆ. ರಾಮಣ್ಣ ಕೊಳ್ಳುವಾಗ ಹೇಳುತ್ತಿದ್ದ ಮಾತು ಒಂದೇ: "ಸಾಬ್ರ, ಡಬ್ಬಿ ಹೊಸಾದು ಕಾಣ್ಲಿ ನೋಡ್ರಿ, ಒಳಗ ಏನರ ಇರ್ಲಿ." ಮೇಲೆ ಥಳಕು ಒಳಗೆ ಹುಳುಕು ಎಂದು ನನಗೂ ಗೊತ್ತಿತ್ತು. ಕರೆಂಟಿನ ಏರಿಳಿತಕ್ಕೆ ಪದೇ ಪದೇ ಫ್ಯೂಸು ಹೋಗಿ ಗಿರಾಕಿ ಬಯ್ಯುತ್ತಾನೆಂದು ಆ ಜಾಗದಲ್ಲಿ ದಪ್ಪ ತಂತಿ ಸುತ್ತಿದವನೂ ನಾನೇ. ಫ್ಯೂಸು ಇದ್ದಿದ್ದರೆ ಹೊಗೆಯಲ್ಲೇ ಮುಗಿಯುತ್ತಿತ್ತು.

ಇಷ್ಟು ವರ್ಷ ಯಾರಿಗೂ ಏನೂ ಆಗಲಿಲ್ಲ. ಯಾಕೆಂದರೆ ಯಾವ ಯಂತ್ರವೂ ಚೀಟಿ ಓದುತ್ತಿರಲಿಲ್ಲ. ಕಡಿಮೆ ಗೆರೆಯಿಂದಲೇ ಶುರುವಾಗಿ ಅಲ್ಲೇ ಇರುತ್ತಿದ್ದವು. ಚೀಟಿಯ ಮಾತನ್ನು ನಂಬಿದ ಮೊದಲನೆಯವಳು ನೀನು.

ಅಕ್ಟೋಬರ್ ನಾಲ್ಕಕ್ಕೆ ನಾನು ಹಡಗಲಿಗೆ ಬಂದಿದ್ದೆ. ಹಗರಿಬೊಮ್ಮನಹಳ್ಳಿ ಎಂದು ನೀನು ಬರೆದದ್ದನ್ನು ಓದಿದಾಗಿನಿಂದ ನಿದ್ದೆ ಇರಲಿಲ್ಲ. ಮೂರು ಸಲ ಬರೆದು ಹರಿದಿದ್ದೆ, ಎದುರಿಗೇ ಹೇಳೋಣವೆಂದು ಬಸ್ಸು ಹತ್ತಿದೆ. ನಿಮ್ಮ ಕೇಂದ್ರದ ಎದುರಿನ ಹೂವು ಮಾರುವವರ ಚಪ್ಪರದ ನೆರಳಿನಲ್ಲಿ ನಿಂತೆ. ಕಿಟಕಿಯಲ್ಲಿ ನೀನು ಕಾಣುತ್ತಿದ್ದೆ. ಹಲಗೆಯ ಮೇಲೆ ಏನೋ ಬರೆದು ತಿರುಗಿ ನಕ್ಕೆ, ಹುಡುಗಿಯರೆಲ್ಲ ನಕ್ಕರು. ಆ ಹುಡುಗಿಯರ ಎದುರಿಗೆ, ನಿಮ್ಮ ಅಕ್ಕಾರ ಅಪ್ಪ ಡಬ್ಬ ಬದಲಾಯಿಸುವವನು ಎಂದು ಹೇಗೆ ಹೇಳಲಿ? ಮುಂದಿನ ವಾರ ಬರೆದರಾಯಿತು ಎಂದುಕೊಂಡೆ. ಬಂದ ಬಸ್ಸಿಗೇ ವಾಪಸಾದೆ. ನನ್ನ ಮಾನ ಉಳಿಯಿತು, ಅವಳ ಕಣ್ಣು ಹೋಯಿತು.

ನಾನು ಬದಲಾಯಿಸಿದ ಮೂವತ್ತೊಂದು ಡಬ್ಬಗಳು ಯಾವ ಊರಿಗೆ ಹೋದವು ಎಂದು ನೆನಪಿದ್ದಷ್ಟು ಬರೆದು ಕಳಿಸಿದ್ದೇನೆ. ಅಂಗಡಿಗೆ ಬಾಗಿಲು ಹಾಕಿದೆ. ನಾಳೆ ಮೈಲಾರಕ್ಕೆ ಹೋಗಿ ಆ ಹುಡುಗಿಯ ತಂದೆಗೆ ಹೇಳುತ್ತೇನೆ. ತಪ್ಪೆಲ್ಲ ನನ್ನೊಬ್ಬನದೇ. ನಿನ್ನದೇನೂ ಇಲ್ಲ. ಯಾರು ಕೇಳಿದರೂ ಹಾಗೆಯೇ ಹೇಳು.

ನಿನ್ನ ಅಬ್ಬಾ


ಹಡಗಲಿ
27 ಡಿಸೆಂಬರ್ 2001

ಅಬ್ಬಾ,

ನಿಮ್ಮ ಪಟ್ಟಿ ಹಿಡಿದು ತಿಂಗಳೊಪ್ಪತ್ತು ತಿರುಗಿದೆ. ಈದ್ ಕೂಡ್ಲಿಗಿಯ ಬಸ್‌ಸ್ಟ್ಯಾಂಡಿನಲ್ಲೇ ಕಳೆಯಿತು. ಕೊಟ್ಟಿದ್ದ ಫ್ಲಾಪಿ ಹದಿನೇಳು, ಹದಿನೈದು ಸಿಕ್ಕವು. ಕಡಿಮೆ ಗೆರೆಯಿಂದ ಶುರುವಾಗುವ, ಚೀಟಿಯನ್ನು ನಂಬದ, ಹೆಜ್ಜೆ ಹೆಜ್ಜೆಗೂ ಕೇಳುವ ಇನ್ನೊಂದನ್ನು ಬರೆದು ಹಂಚಿದ್ದೇನೆ. ಗುಡೇಕೋಟೆಯ ಮಾಸ್ತರು ಕೈ ಮುಗಿದು ತೆಗೆದುಕೊಂಡರು. ಹರಪನಹಳ್ಳಿಯಲ್ಲಿ ಮಾತ್ರ ಎರಡು ಫ್ಲಾಪಿ ಕೈಯಿಂದ ಕೈಗೆ ಹೋಗಿ ಎಷ್ಟಾಗಿವೆಯೋ ಗೊತ್ತಿಲ್ಲ. "ಚೆನ್ನಾಗೇ ಬರ್ತಾ ಐತಲ್ರಿ, ಯಾಕ್ ತಗೀಬೇಕು? ನಿಮ್ಮ ಹೊಸಾದು ಬಾಳ ಪ್ರಶ್ನೆ ಕೇಳ್ತೈತಿ" ಎಂದು ಒಬ್ಬ ನಕ್ಕ. ನಿಮ್ಮ ಪಟ್ಟಿಯಲ್ಲಿ ಆ ಊರಿನ ಹೆಸರಿನ ಮುಂದೆ ಆರು ಡಬ್ಬಗಳಿವೆ. ನಾಲ್ಕು ಸಿಕ್ಕಿವೆ.

ಇನ್ನು ನಿಮ್ಮ ಕಾಗದದ ಮಾತು. ನೀವು ಎಲ್ಲ ಬರೆಯುತ್ತೇನೆಂದು ಹೇಳಿ ಒಂದನ್ನು ಬಿಟ್ಟಿದ್ದೀರಿ. 'ಹೊಸ ಚೀಟಿ ಇರುವಂತೆ ಮಾಡಿ' ಎಂದಷ್ಟೇ ಬರೆದಿದ್ದೀರಿ. ಮೊದಮೊದಲು ಯಾರು ಮಾಡುತ್ತಿದ್ದರು ಅಬ್ಬಾ? ಅಂಗಡಿಯ ಹಿಂದಿನ ಕಟ್ಟೆಯ ಮೇಲೆ ಕೂತು, ಬಿಸಿನೀರಿನ ಬಟ್ಟೆ ಒತ್ತಿ, ಟಿ.ವಿ. ಡಬ್ಬಗಳ ಚೀಟಿಯನ್ನು ಮೂಲೆ ಹರಿಯದ ಹಾಗೆ ಎಬ್ಬಿಸಿ, ಗೋಂದು ಹಚ್ಚಿ ಬೇರೆ ಡಬ್ಬಕ್ಕೆ ಕೂರಿಸುತ್ತಿದ್ದವಳು ನಾನು. ನನಗಾಗ ಹತ್ತು ವರ್ಷ. "ನನ್ನ ಮಗಳ ಕೈ ಬಾಳ ನಾಜೂಕು" ಎಂದು ನೀವು ಹೇಳಿದರೆ ದಿನವಿಡೀ ಹಿಗ್ಗುತ್ತಿದ್ದೆ. ಅದು ಆಟವಾಗಿತ್ತು. ಚೀಟಿ ಸುಳ್ಳು ಹೇಳಬಲ್ಲದು ಎಂದು ಈ ಸುತ್ತಿನಲ್ಲಿ ನಿಮ್ಮಷ್ಟೇ ಚೆನ್ನಾಗಿ ಗೊತ್ತಿದ್ದವಳು ನಾನು. ಆದರೂ ಚೀಟಿ ನೋಡ್ರಿ ಎಂದು ಬರೆದೆ. ನೀವು ಎರಡು ಸಲ ಎಚ್ಚರಿಸಿದರೂ ಹೊಳೆಯಲಿಲ್ಲವೋ, ಹೊಳೆಯುವುದು ನನಗೆ ಬೇಡವಾಗಿತ್ತೋ. ನನ್ನದೇನೂ ಇಲ್ಲ ಎಂದು ಹೇಳಲು ಆಗುವುದಿಲ್ಲ.

ಮೊನ್ನೆ ಮೈಲಾರಕ್ಕೆ ಹೋಗಿದ್ದೆ. ಪುಷ್ಪಲತಾಳ ತಂದೆ ಮೈಲಾರಲಿಂಗಪ್ಪ ಕುರಿಹಟ್ಟಿಯ ಬಾಗಿಲಲ್ಲಿ ಕೂತಿದ್ದರು. "ನಿಮ್ಮಪ್ಪಾರು ಬಂದಿದ್ರು. ಬಾಗಿಲದಾಗ ನಿಂತು ಎಲ್ಲಾ ಹೇಳಿದ್ರು. ಕುಂದರ್ರಿ ಅಂದ್ರ ಕುಂದರಲಿಲ್ಲ, ನೀರು ಸೈತ ಕುಡೀಲಿಲ್ಲ. ಬಂದ ದಾರಿ ಹಿಡದು ಹೋದ್ರವ್ವಾ" ಎಂದರು. ಆಮೇಲೆ ಎದ್ದು ಕುರಿಗಳಿಗೆ ಸೊಪ್ಪು ಹಾಕಲು ಹೋದರು.

ಪುಷ್ಪಲತಾ ಒಳಗೆ ಜೋಳ ಹಸನು ಮಾಡುತ್ತಿದ್ದಳು. ಮೊರವನ್ನು ಎಡಗಣ್ಣಿನ ಕಡೆಗೆ ವಾಲಿಸಿ ಹಿಡಿದಿದ್ದಳು. ನನ್ನನ್ನು ಕಂಡು ಎದ್ದು, ಚಾಪೆ ಹಾಸಿ, "ಅರಾಮ ಅದೀರೇನ್ರಿ ಅಕ್ಕಾರೆ?" ಎಂದಳು. ಬಯ್ಯುತ್ತಾಳೆ ಎಂದುಕೊಂಡು ಹೋಗಿದ್ದೆ. ಬಯ್ದಿದ್ದರೆ ಚೆನ್ನಾಗಿತ್ತು.

ತಿರುಗಿ ಮೊರ ಹಿಡಿದು ಅವಳೇ ಕೇಳಿದಳು. "ಅಕ್ಕಾರೆ, ಮೊದಲೆಲ್ಲಾ ಹಚ್ಚೋ ಮುಂದ ಅದು ಕೇಳತಿತ್ತಲ್ಲ, ಸುಟ್ಟೀತು, ಹೌದೋ ಅಲ್ಲೋ ಅಂತ. ಆವತ್ತು ಯಾಕ ಕೇಳಲಿಲ್ಲ? ಕೇಳಿದ್ರ ನಾ ಎದ್ದು ನಿಮ್ಮನ್ನ ಕರೀತಿದ್ದೆ."

ಸುಳ್ಳು ಹೇಳಲಾಗಲಿಲ್ಲ. ಆ ಪ್ರಶ್ನೆಯನ್ನು ನಾನೇ ತೆಗೆದೆ ಎಂದು ಹೇಳಿದೆ.

ಅವಳು ಮೊರದಲ್ಲಿದ್ದ ಒಂದು ಹರಳನ್ನು ಹುಡುಕಿ ಎತ್ತಿ ಹೊರಗೆ ಹಾಕಿದಳು. ಆಮೇಲೆ ತಲೆ ತಗ್ಗಿಸಿಕೊಂಡೇ, "ದಿನಾ ಬಂದು ಕೇಳಿ ಕೇಳಿ, ನನ್ನಿಂದ ನಿಮಗ ಬ್ಯಾಸರಾಗಿತ್ತೇನ್ರಿ?" ಎಂದಳು.

ನಿಮ್ಮ ಮಗಳು
ತಸ್ಲೀಮ್